ಬಲಗಡೆಯ ಮೊಲೆ

ಬೇಸ್ತವಾರಪೇಟೆಯ ನಮ್ಮ ಸಂದಿಗೆ
ಬಿಸಿಲಿಗಿಂತ ಮೊದಲೇ ಬರುತ್ತಿದ್ದಳು ದುರುಗಮ್ಮ.
'ಕತ್ತಿ ಹಾಲಾ...' ಎಂದು ಎಳೆದು ಕೂಗಿದರೆ
ಮಲಗಿದ್ದ ಕೂಸುಗಳೆಲ್ಲ ಒಮ್ಮೆಗೇ ಎದ್ದು ಅಳುತ್ತಿದ್ದವು,
ವ್ಯಾಪಾರದಲ್ಲಿ ತಮಗೂ ಪಾಲಿದೆಯೆಂಬಂತೆ.

ಹಗ್ಗದ ತುದಿಗೆ ಬೂದಿಬಣ್ಣದ ಕತ್ತೆ,
ಹಗ್ಗವಿಲ್ಲದೆ ಹಿಂದೆ ಅದರ ಮರಿ.
ಮೈಗಿಂತ ಕಿವಿಯೇ ದೊಡ್ಡದು,
ನಾಲ್ಕು ಕಾಲು ಇನ್ನೂ ಒಂದರ ಮಾತು ಒಂದು ಕೇಳವು.

ಟಾನಿಕ್ ಬಾಟಲಿಯ ಮುಚ್ಚಳ ಅವಳ ಅಳತೆ.
ಮುಚ್ಚಳಕ್ಕೆ ಐವತ್ತು. ಚೌಕಾಸಿ ಇಲ್ಲ.
ದಮ್ಮು, ಕೆಮ್ಮು, ಹೊಟ್ಟೆನೋವು, ದೃಷ್ಟಿ,
ಎಲ್ಲಕ್ಕೂ ಅದೇ ಮುಚ್ಚಳ.
ಮೂರು ತಿಂಗಳ ನನ್ನ ಮಗ ರಾತ್ರಿಯಿಡೀ
ಗೊರಗೊರ ಎನ್ನುತ್ತಿದ್ದ ಕಾಲ.
ಎರಡು ಮುಚ್ಚಳ ಹಾಕು ಅಂದೆ.

ಬಗ್ಗಿದವಳು ತಲೆ ಎತ್ತಲಿಲ್ಲ.
'ಇದಕ್ಕ ಇರಾವು ಎರಡ ಮೊಲಿ ಅಕ್ಕಾ.
ಎಡಕಿಂದು ನನ್ನ ಹೊಟ್ಟಿಗೆ, ಬಲಕಿಂದು ಮರಿಗೆ.
ಎಡಕಿಂದು ಇವತ್ತಿಗೆ ಮುಗೀತು.'

ಸಿಟ್ಟು ಬಂತು, ಸುಳ್ಳೇಕೆ ಹೇಳಲಿ.
ಒಂದು ಜಂಪರಿಗೆ ಗುಂಡಿ ಹಚ್ಚಿದರೆ ನನಗೆ ನಾಲ್ಕು ರೂಪಾಯಿ.
ಹನ್ನೆರಡು ಜಂಪರು ಮುಗಿಸಿ, ಡಬ್ಬಿಯಿಂದ ಎರಡು ತೆಗೆದು
ಕೂಡಿಸಿದರೆ ಒಂದು ಮುಚ್ಚಳ.
ಮನುಷ್ಯರ ಕೂಸಿಗಿಂತ ಕತ್ತೆಮರಿ ಹೆಚ್ಚೇನು ಎಂದೆ.
'ಹೆಚ್ಚಲ್ಲಕ್ಕಾ,' ಅಂದಳು, 'ಹಾಲು ಅದರದು.'

ಒಂದು ವಾರಕ್ಕೆ, ಎಂದೂ ಇಲ್ಲದಂತೆ, ಮಧ್ಯಾಹ್ನ ಬಂದಳು.
ಕೂಗಲಿಲ್ಲ. ಬಾಗಿಲ ಬಳಿ ನಿಂತಳು.
ಮಗ ಯಂಕೋಬ ದೊಡ್ಡಾಸ್ಪತ್ರೆಯಲ್ಲಿದ್ದಾನೆ,
ರಕ್ತ ಹೊರಗೆ ತೋರಿಸಬೇಕಂತೆ, ಇನ್ನೂರು.
'ಬಲಕಿಂದು ಹಿಂಡತೀನಿ. ನಾಕು ಮುಚ್ಚಳ ಆಗತಾವ. ತೊಗೋ.'

ಅಷ್ಟರಲ್ಲಿ ನನ್ನ ಮಗನ ಕೆಮ್ಮು ಹೋಗಿತ್ತು.
ಕತ್ತೆಹಾಲೆಂದರೆ ಡಾಕ್ಟರು ನಕ್ಕಿದ್ದರು ಕೂಡ.
ಕರೆಂಟಿನ ಬಿಲ್ಲಿಗಿಟ್ಟಿದ್ದ ಇನ್ನೂರು ತಂದು
ಹಾಲು ಬೇಡ, ದುಡ್ಡು ಒಯ್ಯಿ ಅಂದೆ.
ಚಾಚಿದ ಕೈ ಹಿಂದೆಳೆದಳು.
'ಬೇಡಾಕ ಬಂದಿಲ್ಲಕ್ಕಾ.'

ನೋಟು ಹೊಸ್ತಿಲ ಮೇಲೆ ಬಿದ್ದಿತ್ತು.
ಗಾಳಿಯಿಲ್ಲ, ಅದೂ ಅಲುಗಲಿಲ್ಲ.
ಅವಳ ಮರ್ಯಾದೆ ಒಂದು ಕಡೆ, ಮರಿಯ ಹೊಟ್ಟೆ ಒಂದು ಕಡೆ,
ನಡುವೆ ಇದ್ದದ್ದು ನನ್ನ ಬಾಯಿ.
ಹಾಗಾದರೆ ಹಿಂಡು ಅಂದೆ.
ನಾನೇ ಅಂದೆ.

ಮರಿ ಅವಳ ಮೊಣಕೈ ಸಂದಿಯಲ್ಲಿ ಮೂತಿ ತೂರಿಸಿತು.
ಭುಜದಿಂದ ತಳ್ಳಿದಳು. ಮತ್ತೆ ಬಂತು, ಮತ್ತೆ ತಳ್ಳಿದಳು,
ಮುಖ ಆಚೆ ತಿರುಗಿಸಿಕೊಂಡು.
ಒಂದು. ಎರಡು. ಮೂರು.
ಮೂರಕ್ಕೆ ಕೈ ಬಿಟ್ಟಳು.
'ಇನ್ನೊಂದು ಸಾಲ ಅಂತ ಬರಕೋ.
ನಾಳಿ ಮುಂಜಾನಿ ಎಡಕಿಂದ ತೀರಸ್ತೀನಿ.'

ನೋಟು ಕುಪ್ಪಸದೊಳಗೆ ಸಿಕ್ಕಿಸಿ ಹೊರಟಳು, ಕತ್ತೆ ಹೊರಟಿತು.
ಮರಿ ನಿಂತೇ ಇತ್ತು.
ಬಿಸಿ ಬಟ್ಟಲು ನನ್ನ ಕೈಯಲ್ಲಿ.
ಕುಡಿಯಬೇಕಾದವನು ತೊಟ್ಟಿಲಲ್ಲಿ ಸುಮ್ಮನೆ ನಿದ್ದೆ ಮಾಡುತ್ತಿದ್ದ.
ಬಟ್ಟಲನ್ನು ಮರಿಯ ಬಾಯಿಗೊಡ್ಡಿದೆ,
ಅದು ಮೂಸಿ ಮುಖ ಹೊರಳಿಸಿತು.
ಆಮೇಲೆ ನನ್ನ ಸೆರಗಿನ ತುದಿ ಬಾಯಿಗೆ ತೆಗೆದುಕೊಂಡು
ಚೀಪತೊಡಗಿತು.

ಬಿಡಿಸಿಕೊಳ್ಳಲಿಲ್ಲ.
ತೀನ್ ಕಂದೀಲಿನ ಕಡೆಯಿಂದ ತಾಯಿ ಒಮ್ಮೆ ಒದರುವ ತನಕ
ಹಾಗೇ ನಿಂತಿದ್ದೆವು, ನಾನು ಮತ್ತು ಅದು.

ಮರುದಿನ ಬೆಳಿಗ್ಗೆ ನಾಲ್ಕನೆಯ ಮುಚ್ಚಳ ಅಳೆದುಕೊಟ್ಟು
ಲೆಕ್ಕ ಚುಕ್ತಾ ಅಂದಳು ದುರುಗಮ್ಮ.

ಸೂಜಿ ದಿನವಿಡೀ ಕೈಯಲ್ಲೇ ಇರುತ್ತದೆ ನನಗೆ.
ಆ ಸೆರಗಿನ ತೂತು ಮಾತ್ರ
ಇನ್ನೂ ಹೊಲಿದಿಲ್ಲ.