ಕೊನೆಯ ಸಾಲು

ಹಲ್ ಊರಿನ ಕನ್ನಡಕದಂಗಡಿಯಲ್ಲಿ ನನ್ನ ಕೆಲಸ.
ಗದ್ದ ಇಲ್ಲಿಡಿ, ಹಣೆ ಪಟ್ಟಿಗೆ ತಾಗಲಿ,
ರೆಪ್ಪೆ ಬಡಿಯಬೇಡಿ, ಈಗ ಪುಸ್ಸೆಂದು ಗಾಳಿ ಬರುತ್ತದೆ.
ಹದಿಮೂರು ವರ್ಷದಿಂದ ಇದನ್ನೇ ಹೇಳುತ್ತಿದ್ದೇನೆ.
ಬಂದವರು ಹೇಳುವುದೂ ಒಂದೇ:
ನನಗೇನೂ ತೊಂದರೆಯಿಲ್ಲ, ಬೆಳಕು ಸಾಲದು ಅಷ್ಟೆ.

ನನಗೂ ಏನೂ ತೊಂದರೆಯಿರಲಿಲ್ಲ.
ಶುಕ್ರವಾರಕ್ಕೊಂದು ಲೋಟ.
ಗುರುವಾರವೂ ಹೆಚ್ಚುಕಡಿಮೆ ಶುಕ್ರವಾರವೇ ತಾನೆ.
ಆಮೇಲೆ, ಸಾರು ಕುದಿಯುವ ತನಕ.
ಸಾರು ಕುದಿಯುವುದು ದಿನದಿನಕ್ಕೆ ತಡವಾಗತೊಡಗಿತು.
ಉರಿ ಸಣ್ಣ ಮಾಡುತ್ತಿದ್ದವಳು ನಾನೇ.

ಹುಬ್ಬು ತೀಡುವ ಪೆನ್ಸಿಲ್ಲಿನಿಂದ
ಸೀಸೆಗೊಂದು ಗೆರೆ ಎಳೆದೆ, ಇವತ್ತಿಗೆ ಇಷ್ಟೇ ಎಂದು.
ಫ್ರಿಜ್ಜಿನಿಂದ ತೆಗೆದರೆ ಸೀಸೆ ಬೆವರುತ್ತದೆ,
ಗೆರೆ ಅಳಿಸಿತು.
ಇನ್ನೊಂದು ಎಳೆದೆ, ಒಂದು ಬೆರಳು ಕೆಳಗೆ.

ನೀಲಿ ಡಬ್ಬಿಯ ಗಾಡಿ ಬರುವ ಬೆಳಿಗ್ಗೆ
ಬೀದಿಯುದ್ದಕ್ಕೂ ಒಂದೊಂದು ಮನೆಯ ಗಾಜು ಸುರಿಯುವುದನ್ನು
ಹಾಸಿಗೆಯಲ್ಲೇ ಕೇಳಿದ್ದೇನೆ.
ನಮ್ಮದು ಮುಗಿಯುತ್ತಲೇ ಇರಲಿಲ್ಲ.
ಅಂದಿನಿಂದ ಹಳೆಯ ಟವೆಲಿನಲ್ಲಿ ಸೀಸೆಗಳನ್ನು ಸುತ್ತಿ,
ಎರಡು ಬಸ್ಸು ಬದಲಿಸಿ,
ಯಾರೂ ನನ್ನನ್ನು ಬಲ್ಲದ ಸೂಪರ್‌ಮಾರ್ಕೆಟ್ಟಿನ ಹಿಂದಿನ ತೊಟ್ಟಿಗೆ
ಕೂಸನ್ನು ಮಲಗಿಸುವ ಹಾಗೆ ಇಳಿಬಿಡುತ್ತೇನೆ.

ಡಾಕ್ಟರ ಅರ್ಜಿಯಲ್ಲಿ 'ವಾರಕ್ಕೆ ಎಷ್ಟು' ಎಂಬ ಚೌಕವಿತ್ತು.
ಪೆನ್ನು ತಾನಾಗಿ ನಾಲ್ಕು ಎಂದು ಬರೆಯಿತು.
ಏನು ನಾಲ್ಕು ಎಂದು ಅದು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ.
ಪಾಪ, ಕುಡಿದಾದ ಮೇಲೆ ತೆರೆಯುತ್ತದಲ್ಲ.

ಅಂಗಡಿಯ ಮಾರೀನ್ ಒಮ್ಮೆ ಟೀ ಕೊಡುವಾಗ
ನಿನ್ನ ಕೈ, ಅಂದಳು.
ಚಳಿ, ಅಂದೆ.
ಜುಲೈ ಇದು, ಅಂದಳು.
ಹಂಬರ್ ಕಡೆಯ ಗಾಳಿ, ಅಂದೆ.
ಅವತ್ತಿನಿಂದ ಅವಳು ನನ್ನ ಕಪ್ಪನ್ನು
ಅರ್ಧ ಮಾತ್ರ ತುಂಬಿಸುತ್ತಾಳೆ.

ನಿನ್ನೆ ರಾತ್ರಿ
ಒಂಬತ್ತರ ಚಿರಾಯು ಲೆಕ್ಕ ಮಾಡುತ್ತ ಬಾಯಾರಿತು ಎಂದ.
ಸ್ಟೀಲ್ ಲೋಟದಲ್ಲಿ ನೀರು ತಂದಿಟ್ಟೆ,
ನಲ್ಲಿಯ ನೀರು, ಆಣೆಗೂ ಬರೀ ನೀರು.
ಅವನು ಲೋಟ ಎತ್ತಿದ,
ಮೂಗಿಗೆ ಹಿಡಿದ,
ಮೂಸಿದ,
ಆಮೇಲೆ ಕುಡಿದ.
ಪುಸ್ತಕದಿಂದ ಕಣ್ಣು ಕೂಡ ಎತ್ತಲಿಲ್ಲ.
ಎಷ್ಟು ದಿನದ ಅಭ್ಯಾಸವೋ.

ಇವತ್ತು ಕುರ್ಚಿಯಲ್ಲಿ ಮಿಸ್ಟರ್ ಓಲ್ಡ್ರಾಯ್ಡ್, ಎಂಬತ್ತೆರಡು,
ಕೊನೆಯ ಸಾಲಿನಲ್ಲಿ ತಡವರಿಸಿದರು.
ಊಹಿಸಬೇಡಿ, ಅಂದೆ. ಕಂಡಷ್ಟೇ ಹೇಳಿ.
ಸುಳ್ಳು ಹೇಳಿದರೆ ತಪ್ಪು ಕನ್ನಡಕ ಸಿಗುತ್ತದೆ.
ಅಂದವಳ ದನಿ ಯಾರದೋ ಎಂಬಂತೆ ಕೇಳಿಸಿತು.

ಊಟದ ಬಿಡುವಿನಲ್ಲಿ, ಹಿಂದಿನ ಕೋಣೆಯಲ್ಲಿ,
ಲೈಟು ಹಾಕದೆ ಡಾಕ್ಟರ ನಂಬರು ಒತ್ತಿದ್ದೇನೆ.
ಸಾಲಿನಲ್ಲಿ ನೀವು ಏಳನೆಯವರು, ಎನ್ನುತ್ತಿದೆ ಯಂತ್ರ.
ಇಟ್ಟುಬಿಡಲೇ?
ಬಾಗಿಲಾಚೆ ಮಾರೀನಳ ಚಮಚದ ಸದ್ದು.
ಈಗ ಆರನೆಯವರು.