ಬಿಲ್ಲು ಯಾರ ಹೆಸರಿಗೆ

ಪಾಂಡವಪುರದ ರೈಲ್ವೆ ಗೇಟಿನ ಪಕ್ಕ ನಮ್ಮ ಫ್ಲೆಕ್ಸ್ ಅಂಗಡಿ.
ಮಿಷನ್ನು ಒಂದೇ, ಮಸಿ ನಾಲ್ಕು ಬಣ್ಣ.

ಬೆಳಿಗ್ಗೆ ಒಬ್ಬರ ಫೋಟೊ ಬಂತು, ಊಟದ ಹೊತ್ತಿಗೆ
ಅವರ ಎದುರಾಳಿಯದು.
ಹತ್ತು ವರ್ಷ ಇಳಿಸು ಅಂದರು ಇಬ್ಬರ ಕಡೆಯವರೂ.
ಇಳಿಸಿದೆ. ಕುತ್ತಿಗೆಯ ಸುಕ್ಕು ಒರೆಸಿದೆ,
ಒಬ್ಬರಿಗೆ ಮೀಸೆ ಕರ್ರಗೆ ತಿದ್ದಿದೆ.

ಸಂಜೆ ಕ್ರಷರ್ ಕಂಪನಿಯ ಮರಿಜವರಪ್ಪ ಬಂದ,
ಎರಡಕ್ಕೂ ಸೇರಿಸಿ ಒಂದೇ ಚೆಕ್ಕು.
‘ಏನಂತ ಬರೀಲಿ?’
‘ಕ್ಯಾಲೆಂಡರ್ ಅಂತ ಬರಿಯವ್ವ. ಗೋಡೆ ಕ್ಯಾಲೆಂಡರು,
ಸಾವಿರದೈನೂರು.’

ಬರೆದೆ.
ಅಚ್ಚೇ ಆಗದ ಆ ಕ್ಯಾಲೆಂಡರಿನಲ್ಲಿ
ಯಾವ ತಿಂಗಳು ಯಾವ ಗುಡ್ಡ ಅಂತ
ಅವರಿಗೆ ಆಗಲೇ ಗೊತ್ತಿತ್ತು.

ಒಬ್ಬರು ಗೆದ್ದರು. ಪಟಾಕಿ, ಲಾಡು.
ಸೋತವರ ಮುಖ ಆಲೆಮನೆಗೆ ಹೋಯಿತು
ಕಬ್ಬಿನ ಸಿಪ್ಪೆಗೆ ಹೊದಿಕೆಯಾಗಿ;
ಗೆದ್ದವರದೂ, ಒಂದು ಮಳೆ ಕಳೆದ ಮೇಲೆ,
ಅಲ್ಲಿಗೇ.

ಆಷಾಢದಲ್ಲಿ ಮೊದಲ ಸಿಡಿತ.
ಗೂಡಿನಲ್ಲಿದ್ದ ಲೋಟ ಉರುಳಿ
ಅವ್ವನ ಕಾಲ ಹತ್ತಿರ ನಿಂತಿತು.
‘ನೀ ಯಾರಿಗವ್ವಾ ಒತ್ತಿದ್ದು?’ ಅಂದಳು.

ಬೂತಿನಲ್ಲಿ ಒತ್ತಿದ್ದು ಹೇಳಬಹುದಿತ್ತು.
ಅಂಗಡಿಯಲ್ಲಿ ಒತ್ತಿದ್ದು, ಅವ್ವ,
ಇಬ್ಬರಿಗೂ.
ಲೋಟ ಎತ್ತಿಟ್ಟೆ.
ಬಿಲ್ಲಿನ ಕೆಳಗಿರುವುದು ನನ್ನ ರುಜು.