ನೂರಾ ಮೂವತ್ತು

ಬೋರಾ ಬಜಾರಿನ ಮೂರನೇ ಮಾಳಿಗೆ. ಲಿಫ್ಟಿಲ್ಲ.
ಮೆಟ್ಟಿಲ ಮೂಲೆಗಳಲ್ಲಿ ಉಗುಳಬಾರದೆಂದು ಕೂರಿಸಿದ ದೇವರ ಟೈಲು,
ಅದರ ಮೇಲೇ ಉಗುಳು.
ಒಳಗೆ ಸಾವಕ್‌ಶಾ, ಅವರ ಕೆಮ್ಮು, ಒಂದು ಎನ್‌ಲಾರ್ಜರು,
ಮತ್ತೆ ನಾನು.

ವಾರಿಜಾ ಕರ್ಕೇರ ತಂದದ್ದು ಒಂದೇ ನೆಗೆಟಿವ್.
ಒಣಗಿದ ವೀಳ್ಯದೆಲೆಯ ಹಾಗೆ ಸುರುಳಿಕೊಂಡಿತ್ತು,
ಬಿಸ್ಕತ್ತಿನ ಡಬ್ಬಿಯ ವಾಸನೆ.
‘ಸಾಸೂನ್ ಡಾಕು. ಅಪ್ಪ. ಹಿಂದೆ ನಮ್ಮ ಸ್ವಂತ ದೋಣಿ.
ನಂಬರು ಕಾಣಬೇಕು, ನೂರಾ ಮೂವತ್ತು.
ಕಪ್ಪು ಬಿಳುಪಲ್ಲೇ ಇರಲಿ, ಬಣ್ಣ ಬಳಿಯಬೇಡಿ.’

ಮೊದಲು ನಮ್ಮ ಮೇಜಿನ ಚಪ್ಪಟೆ ಸ್ಕ್ಯಾನರು.
ಪೆಟ್ಟಿಗೆಯ ಮೇಲೆ ಬರೆದ ಅಂಕಿಯಲ್ಲಿ ಅರ್ಧ ಸುಳ್ಳು.
ಅದರ ಕಣ್ಣು ನೆಡುವುದು ಗಾಜಿನ ಮೇಲಲ್ಲ, ಕೂದಲೆಳೆಯಷ್ಟು ಎತ್ತರದಲ್ಲಿ;
ಎಷ್ಟು ಕೂದಲೆಂದು ಕಂಪನಿಗೂ ಗೊತ್ತಿಲ್ಲ.
ಹೋಲ್ಡರಿನ ಕಾಲಡಿಗೆ ಬಸ್ಸಿನ ಟಿಕೇಟು ಮಡಚಿಟ್ಟೆ.
ಒಂದು ಮಡಿಕೆ: ಮಂಜು. ಎರಡು: ಪರವಾಗಿಲ್ಲ.
ಮೂರಕ್ಕೆ ಐತಪ್ಪ ಕರ್ಕೇರರ ಹುಬ್ಬು ಎದ್ದು ಬಂತು,
ನಾಲ್ಕಕ್ಕೆ ಮತ್ತೆ ಮುಳುಗಿತು.
ದೋಣಿಯ ಮೂತಿಯ ಮೇಲೆ ಒಂದು, ಮೂರು, ಸೊನ್ನೆ;
ಮೂರರ ಎಡಕ್ಕೆ ಚೂರು ಮಸಿ. ಇರಲಿ ಅಂದುಕೊಂಡೆ.

‘ಕಂಪ್ಯೂಟರಲ್ಲಿ ಹರಿತ ಮಾಡಿಬಿಡು’ ಅಂದರು ಸಾವಕ್‌ಶಾ, ಕೆಣಕಲು.
ಮಾಡಿದರೆ ಅಂಚಿಗೆಲ್ಲ ಬಿಳಿಯ ಗೆರೆ,
ಕಾಡಿಗೆಯನ್ನು ಸುಣ್ಣದಲ್ಲಿ ತಿದ್ದಿದಂತೆ.
ಹರಿತವಾಗಿ ಕಾಣುವುದು ಬೇರೆ, ಹರಿತವಾಗಿರುವುದು ಬೇರೆ.
ಮೀನು ಕೊಯ್ಯುವ ಮನೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಅದಕ್ಕೇ ಲೋವರ್ ಪರೇಲಿಗೆ ಹೋದೆ.
ಮುಚ್ಚಿದ ಪ್ರೆಸ್ಸೊಂದರ ಹಿಂಗೋಣೆಯಲ್ಲಿ ಡ್ರಮ್ ಸ್ಕ್ಯಾನರು,
ಎಮ್ಮೆಯಷ್ಟು ತೂಕ; ನಡೆಸಬಲ್ಲವ ಒಬ್ಬನೇ, ಘಾಡಿ.
ನೆಗೆಟಿವಿಗೆ ಎಣ್ಣೆ ಸವರಿ ಉರುಳೆಗೆ ಅಂಟಿಸಿದ,
ಬಾಣಂತಿ ಕೋಣೆಯ ಅಜ್ಜಿ ಕೂಸಿಗೆ ಸವರುವ ಹಾಗೆ.
ಗೀರುಗಳು ಎಣ್ಣೆ ಕುಡಿದು ಮಾಯವಾದವು.
ಐವತ್ತು ನಿಮಿಷ ತಿರುಗಿತು.
ಎರಡು ಚಹಾ, ಅವನ ಮಗಳ ಪರೀಕ್ಷೆಯ ಮಾತು.

ಪರದೆಯಲ್ಲಿ ಬೆಳ್ಳಿಯ ಕಣಗಳು
ಮೊರದಲ್ಲಿ ಹರಡಿದ ರಾಗಿ, ಒಂದೊಂದೂ ಬಿಡಿ.
ಬನಿಯನಿನ ಹೊಲಿಗೆ. ಹೆಬ್ಬೆರಳಲ್ಲಿ ಹಗ್ಗ ಕೊಯ್ದ ಗಾಯ.
ಮತ್ತೆ ಮೂರರ ಎಡಕ್ಕಿದ್ದ ಮಸಿ ಮಸಿಯಲ್ಲ,
ಬಣ್ಣ ಸುಲಿದ ಎಂಟಿನ
ಇನ್ನರ್ಧ.

ಎರಡೂ ಪ್ರಿಂಟು ಕಿಟಕಿಯ ಬೆಳಕಿಗಿಟ್ಟೆ, ಏನೂ ಹೇಳಲಿಲ್ಲ.
ವಾರಿಜಾ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.
ಬೆರಳು ಹೆಬ್ಬೆರಳ ಗಾಯದ ಮೇಲೆ ನಿಂತಿತು.
‘ಹೌದು, ಇದು ಇತ್ತು. ಅನ್ನ ಕಲಸುವಾಗ ಉರಿಯುತ್ತಿತ್ತು ಅವರಿಗೆ.’
ಬೆರಳು ಮೂತಿಯ ಕಡೆ ಹೋಯಿತು.
ಕೆಳಗೆ ಕೈಗಾಡಿಯವನೊಬ್ಬ ಕೂಗುತ್ತಾ ದಾರಿ ಬಿಡಿಸಿಕೊಂಡ.
‘ನೂರಾ ಎಂಬತ್ತು ಹಸನಬ್ಬನದು’ ಅಂದರು ತುಳುವಿನಲ್ಲಿ, ನನಗಲ್ಲ.
‘ಅಪ್ಪ ಅದರಲ್ಲಿ ಕೂಲಿಗಿದ್ದದ್ದು.’

ಸ್ವಲ್ಪ ಹೊತ್ತಿನ ಮೇಲೆ:
‘ಕೈ ಇದರಿಂದ, ನಂಬರು ಅದರಿಂದ.
ಹಾಗೆ ಮಾಡಲಿಕ್ಕೆ ಬರುತ್ತದಾ?’

ಬರುತ್ತದೆ.
ಕತ್ತಲೆ ಕೋಣೆಯ ಕಾಲದಲ್ಲಿ ಬೆಳಕಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದೆವು,
ಈಗ ಇಲಿ ಹಿಡಿಯುತ್ತೇವೆ.
ಕಷ್ಟ ಮುಖದ್ದಲ್ಲ, ದೋಣಿಯದ್ದೂ ಅಲ್ಲ, ಹಗ್ಗದ್ದು.
ಅವರ ಮುಷ್ಟಿಯಿಂದ ಹೊರಟು ಮೂತಿಗೆ ಹೋಗಿ ಸೇರುವ ಹಗ್ಗ;
ಈ ತುದಿಯಲ್ಲಿ ನಾರುನಾರು ಎಣಿಸಬಹುದು,
ಆ ತುದಿಯಲ್ಲಿ ಬರೀ ಹಗ್ಗ ಅನ್ನಬಹುದು.
ನಡುವೆ ಎಲ್ಲಿ ಮಸುಕಾಗಬೇಕು?
ಮೂರು ಸಂಜೆ ಹಿಡಿಯಿತು, ಒಂದು ಗೇಣಿನೊಳಗೆ.

ನಾಲ್ಕನೆಯ ದಿನ ಸಾವಕ್‌ಶಾ ಭೂತಗನ್ನಡಿ ಹಿಡಿದು ನೋಡಿದರು,
ಮೊದಲು ಮೂತಿ, ಆಮೇಲೆ ಹಗ್ಗ, ಆಮೇಲೆ ನನ್ನನ್ನು.
‘ಡ್ರಮ್ಮಿನ ದುಡ್ಡು ಹಾಕಲಾ?’ ಅಂದೆ.
ಕೆಮ್ಮಿದರು.
ಬಿಲ್ಲು ಬರೆದರು: ಪ್ರಿಂಟು, ಹತ್ತು ಹನ್ನೆರಡು, ಮ್ಯಾಟ್, ಒಂದು.